ಪ್ರತಿ: ನಾಲ್ಕು ವರ್ಷದ ಮಗಳಿಗೆ, ಜೊತೆಗೆ ನನಗೂ ಯಾವ ಪುಸ್ತಕ?

ಮಗಳು ಎರಡು ಪುಟಕ್ಕೇ ಎದ್ದು ಓಡ್ತಾಳೆ, ನಿಮಗೂ ಓದೋ ಅಭ್ಯಾಸ ತಪ್ಪಿಹೋಗಿದೆ, ಇಬ್ರಿಗೂ ಏನಾದ್ರೂ ಹೇಳಿ ಅಂದ್ರಲ್ಲ. ಮೊದ್ಲು ಅವಳಿಗೆ ಓದಿ ಹೇಳ್ತಿರೋ ಆ ದಪ್ಪ ನೀತಿಕಥೆ ಪುಸ್ತಕ ಎತ್ತಿಡಿ, ಈ ವಯಸ್ಸಲ್ಲಿ ಅಕ್ಷರ ಜಾಸ್ತಿ ಇದ್ರೆ ಮಕ್ಕಳು ಕೂರೋದು ಕಷ್ಟ. ಎರಿಕ್ ಕಾರ್ಲ್ ಅವರ 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್' (1969) ತಗೊಳ್ಳಿ. ಸೋಮವಾರ ಒಂದು ಸೇಬು, ಮಂಗಳವಾರ ಎರಡು ಪೇರ್ ಹಣ್ಣು ಅಂತ ಹುಳು ತಿಂತಾ ಹೋಗುತ್ತೆ, ತಿಂದ ಕಡೆಯೆಲ್ಲ ಪುಟದಲ್ಲಿ ನಿಜವಾಗ್ಲೂ ತೂತು ಇರುತ್ತೆ, ಅದರಲ್ಲಿ ಬೆರಳು ತೂರಿಸ್ಕೊಂಡೇ ಮಕ್ಕಳು ಕೂತ್ಬಿಡ್ತಾರೆ. ಇಂಗ್ಲಿಷ್ ಓದಿ ಅರ್ಥ ಹೇಳೋಕೆ ಹೋಗ್ಬೇಡಿ, ಚಿತ್ರ ನೋಡ್ಕೊಂಡು ನಿಮ್ಮ ಮಾತಲ್ಲೇ ಹೇಳಿ. ಕನ್ನಡದ್ದೇ ಬೇಕು ಅಂದ್ರೆ ಪ್ರಥಮ್ ಬುಕ್ಸ್ ಅನ್ನೋ ಪ್ರಕಾಶಕರ ಸ್ಟೋರಿವೀವರ್ ಅಂತ ಮಕ್ಕಳ ಕಥೆಗಳ ವೆಬ್‌ಸೈಟ್ ಇದೆ, ಫ್ರೀ, ಲೆವೆಲ್ ಪ್ರಕಾರ ಜೋಡ್ಸಿದಾರೆ, ಒಂದನೇ ಲೆವೆಲ್‌ನಿಂದ ಶುರು ಮಾಡಿ. ಒಂದೇ ಕಥೆ ಮತ್ತೆ ಮತ್ತೆ ಕೇಳಿ ತಲೆ ತಿಂತಾಳೆ, ಬೇಜಾರಾದ್ರೂ ಓದಿ, ಅವಳಿಗೆ ಮಜಾ ಇರೋದೇ ಅದರಲ್ಲಿ.

ನಿಮಗೆ ನನ್ನ ಓಟು ಜಪಾನಿನ ತೆತ್ಸುಕೊ ಕುರೊಯಾನಾಗಿ ಬರೆದ 'ತೊತ್ತೋಚಾನ್'ಗೆ, ಕನ್ನಡದಲ್ಲೂ ಇದೆ. ಸ್ಕೂಲಿಂದ ಹೊರಗೆ ಹಾಕಿಸ್ಕೊಂಡ ಹುಡುಗಿ, ಹಳೇ ರೈಲು ಬೋಗಿಗಳೇ ಕ್ಲಾಸ್‌ರೂಮ್ ಆಗಿರೋ ಹೊಸ ಸ್ಕೂಲು, ಮೊದಲನೇ ದಿನ ಹೆಡ್‌ಮಾಸ್ಟರು ನಾಲ್ಕು ಗಂಟೆ ಅವಳ ಮಾತು ಕೇಳ್ತಾ ಕೂರ್ತಾರೆ ನೋಡಿ, ಅಲ್ಲಿಗೇ ನೀವು ಸಿಕ್ಕಿಹಾಕ್ಕೋತೀರ. ಅಧ್ಯಾಯಗಳು ಚಿಕ್ಕಚಿಕ್ಕವು, ಮಗು ಮಲಗಿದ್ಮೇಲೆ ದಿನಕ್ಕೆ ಎರಡು ಆರಾಮಾಗಿ ಮುಗಿಯುತ್ತೆ. ಅದಾದ್ಮೇಲೆ ತೇಜಸ್ವಿಯವರ 'ಕರ್ವಾಲೊ', ಹಾರೋ ಓತಿ ಹುಡುಕ್ಕೊಂಡು ಕಾಡಿಗೆ ಹೋಗೋ ಕಥೆ, ಸಣ್ಣ ಪುಸ್ತಕ, ನಗುನೂ ಬರುತ್ತೆ. ಆರುನೂರು ಪುಟದ ಕಾದಂಬರಿಗಳೆಲ್ಲ ಸದ್ಯಕ್ಕೆ ಬೇಡ ಬಿಡಿ.