ಓದುಗರ ಪ್ರಶ್ನೆ: ಇನ್ನೂರು ವರ್ಷದ ಸಂಸ್ಥೆಯಲ್ಲಿ ಚೀಫ್ ಆಫ್ ಸ್ಟಾಫ್ ಹುದ್ದೆ

ಪ್ರಶ್ನೆ: ಮಾನ್ಯರೇ, ನಾನು ದಾವಣಗೆರೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ಹದಿನಾಲ್ಕು ವರ್ಷಗಳಿಂದ ಇಂಗ್ಲೆಂಡಿನಲ್ಲಿ ಸೇತುವೆ ಮತ್ತು ರೈಲುಮಾರ್ಗಗಳ ಕಾಮಗಾರಿಗಳಲ್ಲಿ ದುಡಿಯುತ್ತಿದ್ದೇನೆ. ಈಗ ಲಂಡನ್ನಿನ ಹಳೆಯ ವೃತ್ತಿಪರ ಸಂಸ್ಥೆಯೊಂದು ತನ್ನ ಮುಖ್ಯ ಕಾರ್ಯನಿರ್ವಾಹಕರ ಬಳಿ ಚೀಫ್ ಆಫ್ ಸ್ಟಾಫ್ ಆಗಿ ಬರುವಂತೆ ನನ್ನನ್ನು ಕರೆದಿದೆ. ಹುದ್ದೆಯ ವಿವರಣೆಯನ್ನು ಮೂರು ಸಲ ಓದಿದರೂ ದಿನವಿಡೀ ಮಾಡಬೇಕಾದ ಕೆಲಸವೇನೆಂದು ತಿಳಿಯಲಿಲ್ಲ. ಕೈಕೆಳಗೆ ಇಬ್ಬರೇ ಇರುತ್ತಾರೆ, ಸ್ವಂತ ಬಜೆಟ್ ಇಲ್ಲ. "ಇಷ್ಟು ಓದಿ ಸಾಹೇಬರ ಫೈಲು ಹಿಡಿಯಲು ಹೋಗುತ್ತೀಯಾ" ಎಂದು ತಂದೆಯವರು ಬೇಸರಪಡುತ್ತಿದ್ದಾರೆ. ನಾನು ಒಪ್ಪಿಕೊಳ್ಳಲೇ?
— ಹೆಸರು ಬೇಡವೆಂದ ಓದುಗರು, ಲಂಡನ್

ಉತ್ತರ: ಒಪ್ಪಿಕೊಳ್ಳಿ ಎಂಬುದೇ ನನ್ನ ಸಲಹೆ. ಆದರೆ ಸಹಿ ಹಾಕುವ ಮುನ್ನ ಎರಡು ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕು. ಅವನ್ನು ಕೊನೆಯಲ್ಲಿ ಹೇಳುತ್ತೇನೆ. ಇಂಥದೇ ಒಂದು ಸಂಸ್ಥೆಯ ಕಚೇರಿಯಲ್ಲಿ ಕೆಲವು ವರ್ಷ ಈ ಕೆಲಸ ಮಾಡಿರುವುದರಿಂದ ನಿಮ್ಮ ಗೊಂದಲ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಹುದ್ದೆಯನ್ನು ತಿಳಿಯಬೇಕಾದರೆ ಮೊದಲು ಸಂಸ್ಥೆಯನ್ನು ತಿಳಿಯಬೇಕು. ನಿಮ್ಮ ವೃತ್ತಿಯದೇ ಆದ ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಎಂಜಿನಿಯರ್ಸ್ ಅನ್ನು ನೋಡಿ. 1818ರ ಜನವರಿ 2ರಂದು ಲಂಡನ್ನಿನ ಫ್ಲೀಟ್ ಬೀದಿಯ ಕೆಂಡಲ್ ಕಾಫಿಮನೆಯಲ್ಲಿ, ಹೆನ್ರಿ ರಾಬಿನ್ಸನ್ ಪಾಮರ್ ಎಂಬ ತರುಣನ ಮುಂದಾಳ್ತನದಲ್ಲಿ ಬೆರಳೆಣಿಕೆಯ ಕಿರಿಯ ಎಂಜಿನಿಯರುಗಳು ಸೇರಿ ಅದನ್ನು ಹುಟ್ಟುಹಾಕಿದರು. ಮೊದಲ ಎರಡು ವರ್ಷ ಅದು ಕುಂಟುತ್ತಲೇ ಸಾಗಿತು. 1820ರಲ್ಲಿ, ಆ ಕಾಲದ ಅತಿ ದೊಡ್ಡ ಹೆಸರಾಗಿದ್ದ ಥಾಮಸ್ ಟೆಲ್ಫರ್ಡ್ ಮೊದಲ ಅಧ್ಯಕ್ಷರಾಗಲು ಒಪ್ಪಿದ ಮೇಲೆ ಸಂಸ್ಥೆಗೆ ಜೀವ ಬಂತು. 1828ರಲ್ಲಿ ರಾಜಸನ್ನದು, ಅಂದರೆ ದೊರೆ ಕೊಡುವ ಮಾನ್ಯತಾಪತ್ರ, ದೊರೆಯಿತು. ಇತರ ದೇಶಗಳಲ್ಲಿ ಇಂಥ ಸಂಸ್ಥೆಗಳನ್ನು ಸರ್ಕಾರವೇ ಕಟ್ಟಿ ತನ್ನ ಹಿಡಿತದಲ್ಲಿ ಇಟ್ಟುಕೊಳ್ಳುತ್ತದೆ, ಇಲ್ಲಿ ಹಾಗಲ್ಲದ ಕಾರಣ ಇದರ ಉಳಿವು ಪ್ರತಿಯೊಬ್ಬ ಸದಸ್ಯನ ನಡತೆ ಮತ್ತು ದುಡಿಮೆಯನ್ನೇ ಅವಲಂಬಿಸಿದೆ ಎಂಬ ಅರ್ಥದ ಮಾತನ್ನು ಟೆಲ್ಫರ್ಡ್ ಆಗಲೇ ಆಡಿದ್ದರು. ನಿಮ್ಮ ಹುದ್ದೆಯ ಬೇರು ಇರುವುದು ಈ ಮಾತಿನಲ್ಲಿ.

ಏಕೆಂದರೆ ಸದಸ್ಯರ ಸಂಸ್ಥೆಗೆ ಒಬ್ಬ ಯಜಮಾನನಿರುವುದಿಲ್ಲ. ವಾರ್ಷಿಕ ಚಂದಾ ಕಟ್ಟುವ ಪ್ರತಿಯೊಬ್ಬರೂ ಅದು ತಮ್ಮದೆಂದೇ ಭಾವಿಸುತ್ತಾರೆ, ಮತ್ತು ಅದು ನ್ಯಾಯವೂ ಹೌದು. ಟೆಲ್ಫರ್ಡ್ 1834ರಲ್ಲಿ ತೀರಿಕೊಳ್ಳುವವರೆಗೆ ಅಧ್ಯಕ್ಷರಾಗಿಯೇ ಇದ್ದರು. ಈಗಿನ ಅಧ್ಯಕ್ಷರ ಅವಧಿ ಒಂದೇ ವರ್ಷ, ನವೆಂಬರಿನಲ್ಲಿ ಹೊಸಬರು ಬರುತ್ತಾರೆ. ಟ್ರಸ್ಟಿಗಳು ಸಂಬಳವಿಲ್ಲದೆ ದುಡಿಯುವವರು, ಸಮಿತಿಗಳಲ್ಲಿರುವವರು ತಮ್ಮ ಉದ್ಯೋಗದ ನಡುವೆ ಬಿಡುವು ಮಾಡಿಕೊಂಡು ಬರುವವರು, ಕಚೇರಿಯ ಸಿಬ್ಬಂದಿ ಮಾತ್ರ ಸಂಬಳದವರು. ಸನ್ನದನ್ನೋ ಬೈಲಾವನ್ನೋ ತಿದ್ದಬೇಕಾದರೆ ಸದಸ್ಯರ ಮತದ ಜೊತೆಗೆ ದೊರೆಯ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲಿನ ಒಪ್ಪಿಗೆಯೂ ಬೇಕು. ಕಂಪನಿಯೊಂದು ವಾರದಲ್ಲಿ ಮುಗಿಸುವ ತೀರ್ಮಾನ ಇಲ್ಲಿ ಮೂರು ಸಮಿತಿಗಳನ್ನು ಹಾದು, ಇಬ್ಬರು ಅಧ್ಯಕ್ಷರ ಕಾಲವನ್ನು ದಾಟಿ, ಕೆಲವೊಮ್ಮೆ ದಾರಿಯಲ್ಲಿಯೇ ಮರೆತುಹೋಗುತ್ತದೆ. ಯಾವ ವಿಷಯ ಯಾರ ಮೇಜಿನ ಮೇಲಿದೆ, ಏಕೆ ನಿಂತಿದೆ, ಯಾರಿಗೆ ಏನು ಮಾತು ಕೊಡಲಾಗಿದೆ ಎಂಬುದೆಲ್ಲ ಒಬ್ಬರ ತಲೆಯಲ್ಲಿಯೂ ಒಂದು ದಾಖಲೆಯಲ್ಲಿಯೂ ಇರಲೇಬೇಕು. ಆ ಒಬ್ಬರು ನೀವು.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ನಾನಿದ್ದ ಸಂಸ್ಥೆಯ ಅಧ್ಯಕ್ಷರು ಪ್ರವಾಸದಲ್ಲಿದ್ದಾಗ ದೂರದ ಶಾಖೆಯೊಂದರ ಸಭೆಯಲ್ಲಿ, ಕಿರಿಯ ಸದಸ್ಯರ ಪರೀಕ್ಷಾ ಶುಲ್ಕವನ್ನು ಮರುಪರಿಶೀಲಿಸುವುದಾಗಿ ಮಾತು ಕೊಟ್ಟರು. ಪಕ್ಕದಲ್ಲಿಯೇ ಕುಳಿತಿದ್ದ ನಾನು ಅದನ್ನು ಸೌಜನ್ಯದ ಮಾತೆಂದು ಬಗೆದು ಬರೆದುಕೊಳ್ಳಲಿಲ್ಲ. ಎಂಟು ತಿಂಗಳ ನಂತರ, ಹೊಸ ಅಧ್ಯಕ್ಷರು ಅದೇ ಶಾಖೆಗೆ ಹೋದಾಗ, ತುಂಬಿದ ಸಭೆಯಲ್ಲಿ ಒಬ್ಬ ತರುಣ ಸದಸ್ಯ ಎದ್ದು ಆ ಮಾತು ಏನಾಯಿತು ಎಂದು ಕೇಳಿದ. ಅಧ್ಯಕ್ಷರಿಗೆ ವಿಷಯವೇ ಗೊತ್ತಿರಲಿಲ್ಲ. ಆ ದಿನ ಅವರ ಮುಖ ಬಾಡಿದ್ದು ನನಗೆ ಈಗಲೂ ನೋವು ಕೊಡುತ್ತದೆ. ಆಮೇಲೆ ನಾನು ಕೊಟ್ಟ ಮಾತುಗಳಿಗೆಂದೇ ಒಂದು ಪುಸ್ತಕವಿಟ್ಟೆ: ದಿನಾಂಕ, ಸ್ಥಳ, ಯಾರು ಯಾರಿಗೆ ಹೇಳಿದರು, ಯಾವ ಸಮಿತಿಗೆ ಕಳಿಸಲಾಯಿತು, ಏನಾಯಿತು. ನೀವು ಮೊದಲ ದಿನದಿಂದಲೇ ಅಂಥದೊಂದನ್ನು ಇಡಿ.

ಉಳಿದ ದಿನಚರಿಯನ್ನು ಚುಟುಕಾಗಿ ಹೇಳಬಹುದು: ಟ್ರಸ್ಟಿಗಳ ಸಭೆಯ ಕಾರ್ಯಸೂಚಿಯನ್ನು ಸಿದ್ಧಪಡಿಸುವುದು, ಟಿಪ್ಪಣಿಗಳನ್ನು ವಾರ ಮೊದಲೇ ತಲುಪಿಸುವುದು, ಠರಾವುಗಳ ಬೆನ್ನು ಹತ್ತುವುದು, ಮುಂದಿನ ಅಧ್ಯಕ್ಷರನ್ನು ಬೇಸಿಗೆಯಲ್ಲಿಯೇ ಭೇಟಿಯಾಗಿ ಅವರ ವರ್ಷದ ಆಶಯವನ್ನು ಸಂಸ್ಥೆಯ ದೀರ್ಘ ಯೋಜನೆಯೊಡನೆ ಹೊಂದಿಸುವುದು. ಇವುಗಳಲ್ಲಿ ಕೊನೆಯದೇ ಕಷ್ಟದ್ದು. ಪ್ರತಿ ಅಧ್ಯಕ್ಷರೂ ಹನ್ನೆರಡು ತಿಂಗಳಲ್ಲಿ ತಮ್ಮದೊಂದು ಗುರುತು ಉಳಿಸಲು ಬಯಸುತ್ತಾರೆ. ಹಿಂದಿನವರು ಆರಂಭಿಸಿದ್ದನ್ನು ಮುಗಿಸುವುದೂ ಗುರುತೇ ಎಂದು ಅವರಿಗೆ ಮನಗಾಣಿಸುವ ಹೊಣೆ ಮುಖ್ಯ ಕಾರ್ಯನಿರ್ವಾಹಕರದು, ಅದಕ್ಕೆ ಬೇಕಾದ ದಾಖಲೆ ಒದಗಿಸುವುದು ನಿಮ್ಮದು. ಹೋದ ಮೊದಲ ತಿಂಗಳಲ್ಲಿ ಸನ್ನದು, ಬೈಲಾ ಮತ್ತು ಕಳೆದ ಐದು ವರ್ಷಗಳ ನಡಾವಳಿಗಳನ್ನು ಓದಿ ಮುಗಿಸಿ. ಸೇತುವೆಯ ನಕ್ಷೆ ಓದಿದಷ್ಟೇ ಶ್ರದ್ಧೆಯಿಂದ ಅವನ್ನು ಓದಬೇಕು.

ತಂದೆಯವರ ಮಾತಿಗೆ ಬರೋಣ. ಈ ಹುದ್ದೆಯ ಹೆಸರು ಬಂದದ್ದು ಸೈನ್ಯದಿಂದ. ನೆಪೋಲಿಯನ್ನನ ಬಳಿ ಬೆರ್ತಿಯೆ ಎಂಬ ಅಧಿಕಾರಿ ವರ್ಷಗಟ್ಟಲೆ ಈ ಕೆಲಸ ಮಾಡಿದ. ದೊರೆಯ ಬಾಯಿಂದ ಬಂದ ಮಾತನ್ನು ಯಾರೂ ತಪ್ಪು ತಿಳಿಯಲಾಗದ ಲಿಖಿತ ಆಜ್ಞೆಯಾಗಿಸುವುದರಲ್ಲಿ ಅವನಿಗೆ ಸಾಟಿಯಿರಲಿಲ್ಲ. 1815ರಲ್ಲಿ ವಾಟರ್ಲೂ ಕಾಳಗದ ಹೊತ್ತಿಗೆ ಅವನಿರಲಿಲ್ಲ, ಅವನ ಜಾಗದಲ್ಲಿದ್ದವನ ಆಜ್ಞೆಗಳು ಅಸ್ಪಷ್ಟವಾಗಿದ್ದುದೂ ಸೋಲಿಗೆ ಒಂದು ಕಾರಣವೆಂದು ಅನೇಕ ಇತಿಹಾಸಕಾರರು ಎಣಿಸುತ್ತಾರೆ. ನಮ್ಮ ಮೈಸೂರಿನ ಉದಾಹರಣೆ ತಂದೆಯವರಿಗೆ ಇನ್ನೂ ಹತ್ತಿರವಾದೀತು: ಮಿರ್ಜಾ ಇಸ್ಮಾಯಿಲ್ ಅವರು 1926ರಲ್ಲಿ ದಿವಾನರಾಗುವ ಮೊದಲು ನಾಲ್ವಡಿ ಕೃಷ್ಣರಾಜ ಒಡೆಯರ ಖಾಸಗಿ ಕಾರ್ಯದರ್ಶಿಯಾಗಿದ್ದರು. ಅವರೂ ಫೈಲು ಹಿಡಿದವರೇ, ಮತ್ತು ರಾಜ್ಯ ನಡೆಯುವ ಬಗೆಯನ್ನು ಹತ್ತಿರದಿಂದ ಕಂಡದ್ದು ಅಲ್ಲಿಯೇ.

ಒಂದು ಅಪಾಯವನ್ನು ಹೇಳದೆ ಇರಲಾರೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಈ ಹುದ್ದೆಗೆಂದೇ ಹುಟ್ಟಿದಂತಿದೆ. ವಿಭಾಗದ ಮುಖ್ಯಸ್ಥರು ಮೇಲಿನವರನ್ನು ಕಾಣಲು ನಿಮ್ಮ ಅಪ್ಪಣೆ ಬೇಕೆಂದು ಭಾವಿಸತೊಡಗಿದರೆ, ಆರು ತಿಂಗಳಲ್ಲಿ ನಿಮಗೆ ಯಾರೂ ನಿಜ ಹೇಳುವುದಿಲ್ಲ. ಮುಖ್ಯ ಕಾರ್ಯನಿರ್ವಾಹಕರು ಹೇಳದ ಮಾತನ್ನು ಅವರ ಹೆಸರಿನಲ್ಲಿ ಒಮ್ಮೆಯೂ ಹೇಳಬೇಡಿ.

ಇನ್ನು ಆ ಎರಡು ವಿಷಯಗಳು. ವಾರಕ್ಕೆ ಒಮ್ಮೆಯಾದರೂ ಮುಖ್ಯ ಕಾರ್ಯನಿರ್ವಾಹಕರೊಡನೆ ಬೇರೆ ಯಾರೂ ಇಲ್ಲದೆ ಕುಳಿತು, ಅವರಿಗೆ ಹಿಡಿಸದ ಸಂಗತಿಯನ್ನೂ ಹೇಳುವ ಅವಕಾಶ ಇರುತ್ತದೆಯೇ, ಮತ್ತು ಟ್ರಸ್ಟಿಗಳ ಸಭೆಯಲ್ಲಿ ನಿಮಗೆ ಕುರ್ಚಿ ಇರುತ್ತದೆಯೇ ಎಂದು ನೇರವಾಗಿ ಕೇಳಿ. ಎರಡಕ್ಕೂ ಹೌದೆಂದರೆ ಹೋಗಿ. ಉತ್ತರ ಅಡ್ಡಗೋಡೆಯ ಮೇಲೆ ದೀಪವಿಟ್ಟಂತಿದ್ದರೆ ಸೇತುವೆಯ ಕೆಲಸದಲ್ಲಿಯೇ ಉಳಿಯಿರಿ.

ಪ್ರಶ್ನೆ: ನನ್ನ ಮಗಳು ಎಂಬಿಎ ಮುಗಿಸುತ್ತಿದ್ದಾಳೆ. ಅವಳು ನೇರವಾಗಿ ಇಂಥ ಹುದ್ದೆಗೆ ಸೇರಬಹುದೇ?
— ಓದುಗರು, ಮೈಸೂರು

ಉತ್ತರ: ಹೊಸ ಸ್ಟಾರ್ಟಪ್‌ಗಳಲ್ಲಿ ಈ ಹೆಸರಿನ ಹುದ್ದೆ ಕಿರಿಯರಿಗೂ ಸಿಗುತ್ತದೆ. ಹಳೆಯ ಸದಸ್ಯ ಸಂಸ್ಥೆಯಲ್ಲಿ ಅದು ಕಷ್ಟ, ಏಕೆಂದರೆ ಅಲ್ಲಿ ಅರವತ್ತು ದಾಟಿದ ಸದಸ್ಯರಿಗೆ ಬೈಲಾ ತೋರಿಸಿ "ಇದು ಆಗದು" ಎನ್ನಬೇಕಾಗುತ್ತದೆ, ಆ ಮಾತಿಗೆ ಬೆಲೆ ಬರುವುದು ಅನುಭವದಿಂದ. ಅಂಥ ಸಂಸ್ಥೆಯೊಂದರ ಸಮಿತಿಗೆ ಕಾರ್ಯದರ್ಶಿಯಾಗಿ ಮೊದಲು ಸೇರಲಿ. ನಾಲ್ಕು ಗಂಟೆಯ ವಾದವನ್ನು ಎರಡು ಪುಟದ ನಡಾವಳಿಯಾಗಿ, ಸೋತವರೂ ಒಪ್ಪುವಂತೆ ಬರೆಯಲು ಬಂದ ಮೇಲೆ ಅರ್ಜಿ ಹಾಕಲಿ.