ಹೆಸರು ಬೇರೆ, ಔಷಧ ಅದೇ

ಪತ್ರದ ಸಾರ: ರೋಣ ತಾಲ್ಲೂಕಿನ ಓದುಗರೊಬ್ಬರ ತಂದೆ ಬಿ.ಪಿ.ಗೆ ಅಮ್ಲೋಡಿಪಿನ್ 5 ತಗೊಳ್ಳುತ್ತಿದ್ದರು. ಹುಬ್ಬಳ್ಳಿಯ ಡಾಕ್ಟರು ಹೊಸ ಗುಳಿಗೆ ಬರೆದರು. ಈಗ ಎರಡೂ ನಡೆದಿವೆ, ಪಾದ ಬಾತಿವೆ. “ಎರಡರ ಹೆಸರೂ ಬ್ಯಾರೆ ಅದಾವ, ಕೆಂಪು ಗೆರಿ ಮಾತ್ರ ಎರಡಕ್ಕೂ ಐತಿ. ಏನದು? ಮೆಡಿಕಲ್‌ನವ್ರು ಬ್ಯಾರೆ ಕಂಪನೀದು ಕೊಟ್ರ ನಡೀತೈತೇನು?” ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ: ಮೊದಲು ಬಾವಿನ ವಿಚಾರ. ನೀವು ಬರೆದು ಕಳಿಸಿದ ಪ್ರಕಾರ ಹೊಸ ಗುಳಿಗೆಯಲ್ಲಿ ಟೆಲ್ಮಿಸಾರ್ಟನ್ ಎಂಬ ಇನ್ನೊಂದು ಬಿ.ಪಿ. ಔಷಧ 40 ಮಿ.ಗ್ರಾಂ ಇದೆ, ಜೊತೆಗೆ ಅಮ್ಲೋಡಿಪಿನ್ 5 ಮಿ.ಗ್ರಾಂ ಕೂಡ ಇದೆ. ಹಳೆಯದೂ ಸೇರಿ ತಂದೆಯವರಿಗೆ ದಿನಕ್ಕೆ 10 ಮಿ.ಗ್ರಾಂ ಅಮ್ಲೋಡಿಪಿನ್ ಹೋಗುತ್ತಿದೆ. ವಯಸ್ಕರಿಗೆ ಅದು ಗರಿಷ್ಠ ಪ್ರಮಾಣ. ಗಾಬರಿ ಬೇಡ, ಆದರೆ ಈ ಔಷಧ ಸಣ್ಣ ಅಪಧಮನಿಗಳನ್ನು ಸಡಿಲಿಸುತ್ತದೆ, ದ್ರವ ಕೆಳಗೆ ಪಾದದಲ್ಲಿ ನಿಲ್ಲುತ್ತದೆ; ಪ್ರಮಾಣ ಏರಿದಂತೆ ಬಾವೂ ಏರುತ್ತದೆ. ಇಂಥ ಬಾವಿಗೆ ಮೂತ್ರ ಹೋಗಿಸುವ ಗುಳಿಗೆ ಹೆಚ್ಚು ಕೆಲಸ ಮಾಡುವುದಿಲ್ಲ, ಅದನ್ನು ನೀವಾಗಿ ಸೇರಿಸಬೇಡಿ. ಹಳೆಯದನ್ನು ನಿಲ್ಲಿಸಬೇಕೇ ಎಂದು ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಕೇಳಿ. ಉಸಿರು ಕಟ್ಟಿದರೆ, ಅಥವಾ ಒಂದೇ ಕಾಲು ಬಾತು ನೋಯುತ್ತಿದ್ದರೆ ಫೋನಿನಲ್ಲಿ ಮುಗಿಸದೆ ದವಾಖಾನೆಗೆ ಹೋಗಿ.

ಹೀಗಾಗುವುದು ಕಂಪನಿ ಇಟ್ಟ ಹೆಸರನ್ನಷ್ಟೇ ಓದುವುದರಿಂದ. ಓದಬೇಕಾದದ್ದು ಔಷಧದ ಮೂಲ ಹೆಸರು, ಅಂದರೆ ಜೆನೆರಿಕ್ ಹೆಸರು. ಅದರ ಬಾಲವೇ ವರ್ಗ ಹೇಳುತ್ತದೆ: ‘ಡಿಪಿನ್’ ಅಮ್ಲೋಡಿಪಿನ್‌ನ ಬಳಗ, ‘ಸಾರ್ಟನ್’ ಮತ್ತು ‘ಪ್ರಿಲ್’ ಕೂಡ ಬಿ.ಪಿ. ಔಷಧಗಳೇ, ಒಣಕೆಮ್ಮು ತರುವುದು ಹೆಚ್ಚಾಗಿ ಪ್ರಿಲ್. ಸಾರ್ಟನ್, ಪ್ರಿಲ್ ಎರಡನ್ನೂ ಕೂಡಿಸಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ‘ಸ್ಟಾಟಿನ್’ ಕೊಲೆಸ್ಟರಾಲ್‌ಗೆ. ‘ಪ್ರಜೋಲ್’ ಆಮ್ಲಕ್ಕೆ, ಆದರೆ ಬಾಲವನ್ನೇ ಪೂರ್ತಿ ನಂಬಬೇಡಿ: ಪ್ಯಾಂಟೊಪ್ರಜೋಲ್ ಹೊಟ್ಟೆಗೆ, ಅರಿಪಿಪ್ರಜೋಲ್ ಮನೋರೋಗಕ್ಕೆ! ಬ್ರಾಂಡ್ ಹೆಸರಿನ ಕೊನೆಗೆ ‘ಎಎಂ’ ಎಂದಿದ್ದರೆ ಸಾಮಾನ್ಯವಾಗಿ ಅಮ್ಲೋಡಿಪಿನ್ ಸೇರಿದೆ ಎಂದರ್ಥ, ಬಿ.ಪಿ. ಗುಳಿಗೆಯಲ್ಲಿ ‘ಎಚ್’ ಇದ್ದರೆ ಹೈಡ್ರೋಕ್ಲೋರೋಥಯಾಜೈಡ್, ಅಂದರೆ ಮೂತ್ರ ಹೋಗಿಸುವ ಔಷಧ. ಜ್ವರ, ನೆಗಡಿ ಗುಳಿಗೆಗಳಲ್ಲೂ ಇದೇ ಮೋಸ: 650ರ ಪ್ಯಾರಾಸಿಟಮಾಲ್ ನುಂಗಿ, ಮೇಲೆ ನೆಗಡಿಯದನ್ನೂ ನುಂಗಿದರೆ ಪ್ಯಾರಾಸಿಟಮಾಲ್ ಎರಡು ಸಲ. ವಯಸ್ಕರಿಗೆ ದಿನದ ಮಿತಿ 4 ಗ್ರಾಂ. ಕುಡಿಯುವವರಿಗೆ, ಯಕೃತ್ತಿನ ತೊಂದರೆ ಇದ್ದವರಿಗೆ ಅದಕ್ಕೂ ಕಡಿಮೆ.

ಕೆಂಪು ಗೆರೆ ಎಂದರೆ ಡಾಕ್ಟರ ಚೀಟಿ ಬೇಕು. ಔಷಧ ಮತ್ತು ಕಾಂತಿವರ್ಧಕ ಕಾಯ್ದೆ 1940ರದು, ನಿಯಮಗಳು 1945ರವು. ಅಮ್ಲೋಡಿಪಿನ್ ಆ ನಿಯಮಗಳ ಶೆಡ್ಯೂಲ್ ಎಚ್‌ನಲ್ಲಿದೆ, ಅಂದರೆ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಯಲ್ಲಿ. 2014ರ ಮಾರ್ಚಿನಿಂದ ಜಾರಿಯಾದ ಎಚ್1 ಪಟ್ಟಿ ಇನ್ನೂ ಬಿಗಿ. ಸೆಫಿಕ್ಸಿಮ್, ಲಿವೊಫ್ಲಾಕ್ಸಾಸಿನ್ (ಆ್ಯಂಟಿಬಯಾಟಿಕ್‌ಗಳು), ಅಲ್ಪ್ರಜೋಲಾಮ್ (ಆತಂಕಕ್ಕೆ), ಟ್ರಮಡಾಲ್ (ನೋವಿಗೆ) ಮುಂತಾದವು ಅದರಲ್ಲಿವೆ. ಮಾರಿದಾಗ ಡಾಕ್ಟರು, ರೋಗಿ, ಔಷಧ, ಪ್ರಮಾಣವನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಅರಿವಳಿಕೆಯ ಕೆಟಮಿನ್‌ನಂಥ ಶೆಡ್ಯೂಲ್ ಎಕ್ಸ್ ಔಷಧಗಳಿಗೆ ಚೀಟಿಯ ಎರಡು ಪ್ರತಿ ಬೇಕು, ಒಂದು ಅಂಗಡಿಯಲ್ಲೇ ಉಳಿಯುತ್ತದೆ. ಚೀಟಿ ಕೇಳದೆ ಕೊಡುವ ಅಂಗಡಿಯವನು ನಿಮಗೆ ಉಪಕಾರ ಮಾಡುತ್ತಿಲ್ಲ.

ಬೇರೆ ಕಂಪನಿಯದು? ಚೀಟಿಯಲ್ಲಿ ಬ್ರಾಂಡ್ ಹೆಸರಿದ್ದರೆ ಶೆಡ್ಯೂಲ್ ಎಚ್ ಔಷಧಕ್ಕೆ ಬದಲಿ ಕೊಡಲು ಅಂಗಡಿಯವರಿಗೆ ನಿಯಮದ ಅನುಮತಿ ಇಲ್ಲ, ಒಳಗಿನ ಔಷಧ ಒಂದೇ ಆಗಿದ್ದರೂ. ಜೆನೆರಿಕ್ ಹೆಸರಲ್ಲೇ ಬರೆದುಕೊಡಿ ಎಂದು ಡಾಕ್ಟರನ್ನು ಕೇಳುವುದು ಸರಿಯಾದ ದಾರಿ. ಅಮ್ಲೋಡಿಪಿನ್‌ಗೆ ಕಂಪನಿ ಬದಲಾದರೆ ಚಿಂತೆಯಿಲ್ಲ. ಫೆನಿಟೋಯಿನ್ (ಮೂರ್ಛೆರೋಗಕ್ಕೆ), ವಾರ್ಫರಿನ್ (ರಕ್ತ ಹೆಪ್ಪುಗಟ್ಟದಿರಲು), ಥೈರಾಕ್ಸಿನ್ (ಥೈರಾಯ್ಡ್‌ಗೆ) ಇವುಗಳಲ್ಲಿ ಸಾಕಾಗುವ ಪ್ರಮಾಣಕ್ಕೂ ಹೆಚ್ಚಾಗುವ ಪ್ರಮಾಣಕ್ಕೂ ಅಂತರ ಕಿರಿದು, ಅಲ್ಲಿ ಡಾಕ್ಟರಿಗೆ ತಿಳಿಸದೆ ಬದಲಿಸಬೇಡಿ.

ಅರ್ಧ ಸ್ಟ್ರಿಪ್ ಕೊಂಡಾಗ ಬ್ಯಾಚ್ ನಂಬರು, ಎಕ್ಸ್‌ಪೈರಿ ಇರುವ ತುದಿಯೇ ನಿಮಗೆ ಬರಲಿ. ಅಂಗಡಿಯವರು ಒಪ್ಪದಿದ್ದರೆ ಅವೆರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ.