ನನ್ನ ಪ್ರಾಜೆಕ್ಟಿನ 20 ರೋಬೋಟ್‌ಗಳ ಗುಂಪಿನಲ್ಲಿ ಒಂದೆರಡು ಕೆಟ್ಟರೆ ಉಳಿದವು ಸಂಭಾಳಿಸುತ್ತವೆ ಅಲ್ವಾ? ಕೆಟ್ಟದ್ದನ್ನು ಗುರುತಿಸಲು ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಯ ಮಾದರಿಯೆಲ್ಲ ಬೇಕಾ?

ಸಂಭಾಳಿಸುವುದಿಲ್ಲ. ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ನಾನೂ ಹೀಗೇ ನಂಬಿದ್ದೆ.

ಕಾರವಾರದ ನಮ್ಮ ಮನೆ ಜಗುಲಿಯಲ್ಲಿ ಎಂಟು ಪುಟ್ಟ ರೋಬೋಟ್ ಓಡಿಸುತ್ತಿದ್ದೆ. ಗುಂಪು ಬಿಡದೆ ಮೂಲೆಯ ದೀಪದ ಹತ್ತಿರ ಹೋಗಬೇಕು, ಅಷ್ಟೇ ಕೆಲಸ. ವಿಡಿಯೋ ಚೆನ್ನಾಗಿ ಬರಲಿ ಎಂದು ಒಂದು ಸಂಜೆ ಕಡಲತೀರದಲ್ಲಿ ಹಲಗೆ ಹಾಕಿ ಓಡಿಸಿದೆ. ಒಂದರ ಗೇರಿಗೆ ಮರಳು ಹೊಕ್ಕಿತು. ಮರುದಿನ ಅದರ ಚಕ್ರ ತಿರುಗಲಿಲ್ಲ, ಪಕ್ಕದವಕ್ಕೆ ಸಿಗ್ನಲ್ ಕೊಡುವ ಇನ್‌ಫ್ರಾರೆಡ್ ದೀಪ ಮಾತ್ರ ಮಿನುಗುತ್ತಲೇ ಇತ್ತು.

ನನ್ನ ತಪ್ಪು ಇಲ್ಲೇ. ನನ್ನ ಪ್ರೋಗ್ರಾಂ ನೋಡುತ್ತಿದ್ದುದು ಒಂದನ್ನೇ: ಪಕ್ಕದವನ ಸಿಗ್ನಲ್ ಬರುತ್ತಿದೆಯಾ? ಬಂದರೆ ಅವನು ಸರಿಯಿದ್ದಾನೆ. ಹಾಗಾಗಿ ಉಳಿದ ಏಳೂ ಅದನ್ನು ಬಿಟ್ಟು ಹೋಗದೆ ಅಲ್ಲೇ ಸುತ್ತುತ್ತಿದ್ದವು. ಅದು ಪೂರ್ತಿ ಸತ್ತಿದ್ದರೆ ಕಲ್ಲನ್ನು ಬಳಸಿದ ಹಾಗೆ ಬಳಸಿ ಹೋಗುತ್ತಿದ್ದವು. ಹತ್ತಾರು ಜನ ಸೇರಿ ದಡದಿಂದ ರಂಪಣಿ ಎಂಬ ದೊಡ್ಡ ಮೀನುಬಲೆ ಎಳೆಯುವುದನ್ನು ನೋಡಿದ್ದೀರಾ? ಒಬ್ಬ ಹಗ್ಗ ಬಿಟ್ಟು ಹೋದರೂ ಬಲೆ ದಡಕ್ಕೆ ಬರುತ್ತದೆ. ಹಗ್ಗ ಹಿಡಿದೇ ನಿಂತುಬಿಟ್ಟರೆ ಎಲ್ಲರ ಎಳೆತವೂ ಅವನ ಮೇಲೆ. ನಾನು ಇಡೀ ರಾತ್ರಿ ಕೋಡ್ ಜಾಲಾಡಿದೆ. ಪರೀಕ್ಷಕರ ಎದುರೂ ಗುಂಪು ಕದಲಲಿಲ್ಲ. ಕೊನೆಗೆ ಕಂಡುಹಿಡಿದವಳು ಅಮ್ಮ: "ಆ ಮಧ್ಯದ್ದು ಅಲ್ಲಾಡ್ತಾನೇ ಇಲ್ವಲ್ಲ ತಮಾ."

ಆಮೇಲೆ ಓದಿದರೆ, ರೋಬೋಟ್ ಸಂಶೋಧಕರಾದ ವಿನ್‌ಫೀಲ್ಡ್ ಮತ್ತು ನೆಂಬ್ರಿನಿ 2006ರಲ್ಲೇ ಇದನ್ನು ಹೇಳಿದ್ದರು. ಮೋಟಾರ್ ಮಾತ್ರ ಕೆಟ್ಟ ರೋಬೋಟ್ ಇಡೀ ಗುಂಪಿಗೆ ಲಂಗರು ಆಗುತ್ತದೆ.

"ಇಷ್ಟು ಸೆಕೆಂಡ್ ನಿಂತರೆ ಕೆಟ್ಟಿದೆ" ಎಂದು ಮಿತಿ ಹಾಕುವುದೂ ನನಗೆ ಒಪ್ಪಿಗೆಯಿಲ್ಲ. ದೀಪ ಮುಟ್ಟಿದ ಮೇಲೆ ಎಲ್ಲವೂ ನಿಲ್ಲುತ್ತವೆ, ಆಗ ಎಲ್ಲವೂ ಕೆಟ್ಟ ಹಾಗೆ! ರೋಗನಿರೋಧಕ ಮಾದರಿ ಬೇಕಾಗುವುದು ಇದಕ್ಕೇ. ತರಾಪೋರ್, ಕ್ರಿಸ್ಟೆನ್ಸೆನ್, ಟಿಮ್ಮಿಸ್ ಎಂಬ ಸಂಶೋಧಕರು ಬಳಸಿದ ವಿಧಾನದಲ್ಲಿ ಸರಿ ಯಾವುದು ಎಂಬ ಪಟ್ಟಿಯನ್ನು ಮೊದಲೇ ಕೊಡುವುದಿಲ್ಲ. ನಮ್ಮ ಮೈಯಲ್ಲಿ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಟಿ ಕೋಶ ಎಂಬ ಒಂದು ಬಗೆಯಿದೆ; ಅವುಗಳಲ್ಲಿ ಕೆಲವು ದಾಳಿ ಮಾಡುತ್ತವೆ, ಕೆಲವು ಅವನ್ನು ತಡೆಯುತ್ತವೆ. ಅದೇ ಲೆಕ್ಕವನ್ನು ಪ್ರತಿ ರೋಬೋಟೂ ತನ್ನೊಳಗೆ ನಡೆಸುತ್ತದೆ. ಸುತ್ತ ಜಾಸ್ತಿ ಕಾಣುವ ನಡತೆಯನ್ನು ಸಹಿಸುತ್ತದೆ, ಅಪರೂಪದ್ದನ್ನು ಅನುಮಾನಿಸುತ್ತದೆ. ಎಲ್ಲವೂ ನಿಂತರೆ ನಿಲ್ಲುವುದೇ ಸರಿ. ಒಂದೇ ನಿಂತರೆ ಅದರ ಮೇಲೆ ಕಣ್ಣು. ಆದರೆ ಅರ್ಧಕ್ಕಿಂತ ಜಾಸ್ತಿ ಒಂದೇ ಥರ ಕೆಟ್ಟರೆ ಈ ಲೆಕ್ಕ ತಲೆಕೆಳಗಾಗುತ್ತದೆ, ಅದನ್ನೂ ವರದಿಯಲ್ಲಿ ಬರೆಯಿರಿ.

20 ಸಾಕಾ, 30 ಬೇಕಾ ಎಂಬ ಯೋಚನೆ ಬಿಡಿ. ಇವತ್ತೇ ಒಂದರ ಎರಡೂ ಮೋಟಾರಿನ ವೈರ್ ಕಿತ್ತು, ಅದರ ಇನ್‌ಫ್ರಾರೆಡ್ ದೀಪ ಹಾಗೇ ಉರಿಯಲು ಬಿಟ್ಟು, ಗುಂಪಿನ ಮಧ್ಯೆ ಇಡಿ. ಎಷ್ಟು ರೋಬೋಟ್ ಅದಕ್ಕೆ ಅಂಟಿಕೊಂಡವು ಎಂದು ಇಲ್ಲಿ ತಿಳಿಸಿ.